ಸೀಸದ ವಿಷವೂ ಊಟದ ತಾಟೂ

ಗದಗವು ಮುದ್ರಣಕ್ಕೆ ಹೆಸರಾದ ಊರು. ಗಣಕಯಂತ್ರವು ಬರುವುದಕ್ಕೆ ಮುಂಚೆ ಇಲ್ಲಿಯ ಛಾಪಖಾನೆಗಳಲ್ಲಿ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಕೈಯಿಂದಲೇ ಜೋಡಿಸುತ್ತಿದ್ದರು. ಆ ಮೊಳೆಗಳು ಸೀಸ, ಆಂಟಿಮನಿ, ತವರಗಳ ಮಿಶ್ರಲೋಹದವು. ಮೊಳೆ ಜೋಡಿಸಿದ ಕೈಯನ್ನು ತೊಳೆಯದೆ ರೊಟ್ಟಿ ಮುರಿದರೆ ಸೀಸವು ತುತ್ತಿನೊಡನೆ ಹೊಟ್ಟೆಯನ್ನು ಸೇರುವುದು.

ಆ ಮೊಳೆಗಳ ಕಾಲವು ಬಹುಮಟ್ಟಿಗೆ ಕಳೆಯಿತು. ನಮ್ಮ ದೇಶದಲ್ಲಿ 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲು ನಿಂತಿತು. 2017ರಿಂದ ಮನೆಯ ಬಣ್ಣಗಳಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಕೂಡದೆಂಬ ನಿಯಮವು ಜಾರಿಗೆ ಬಂದಿತು. ಆದರೂ ಹಳೆಯ ಗೋಡೆಯಿಂದ ಉದುರುವ ಬಣ್ಣದಲ್ಲಿ, ಒಡೆದು ಕರಗಿಸುವ ಬ್ಯಾಟರಿಗಳಲ್ಲಿ, ಕಲಬೆರಕೆಯ ತವರದಿಂದ ಮಾಡಿದ ಕಲಾಯಿಯಲ್ಲಿ ಸೀಸವು ಇನ್ನೂ ಇರಬಹುದು. ನೆಲ್ಲಿಕಾಯಿ, ಬೆಳ್ಳುಳ್ಳಿ, ಅರಿಸಿನಗಳು ಈ ವಿಷವನ್ನು ತೆಗೆದುಹಾಕುವವೆಂದು ಇತ್ತೀಚೆಗೆ ಹಲವರು ಹೇಳುತ್ತಾರೆ. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಪಾಲಕರಿಗೂ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಿಳಿಸಬಯಸುತ್ತೇವೆ.

ಸೀಸವು ದೇಹದಲ್ಲಿ ಮಾಡುವ ಕೇಡು ಮುಖ್ಯವಾಗಿ ಎರಡು ಬಗೆಯದು. ರಕ್ತದ ಕೆಂಪು ವರ್ಣದ್ರವ್ಯವನ್ನು ಸಿದ್ಧಪಡಿಸುವ ಕಿಣ್ವವೊಂದರಿಂದ ಅದು ಸತುವನ್ನು ಹೊರದೂಡಿ ಆ ಸ್ಥಾನದಲ್ಲಿ ತಾನು ಕೂಡುವುದು; ಇದರಿಂದ ರಕ್ತಹೀನತೆಯುಂಟಾಗುವುದು. ಎರಡನೆಯದಾಗಿ, ಜೀವಕೋಶಗಳನ್ನು ಕಾಯುವ ಗ್ಲುಟಾಥಯೋನ್ ಎಂಬ ಗಂಧಕಯುಕ್ತ ವಸ್ತುವಿಗೆ ಅಂಟಿಕೊಂಡು ಅದನ್ನು ಕುಂದಿಸುವುದು. ಆಗ ಆಮ್ಲಜನಕದ ಉಗ್ರ ಕಣಗಳು ತಡೆಯಿಲ್ಲದೆ ಜೀವಕೋಶಗಳನ್ನು ಕೆಡಿಸುವವು. ಬೆಳೆಯುವ ಮಕ್ಕಳ ಮಿದುಳಿಗೆ ಇದರಿಂದಾಗುವ ಹಾನಿಯು ಮರಳಿ ಸರಿಯಾಗದು. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹವು ದೊಡ್ಡವರದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಬಲ್ಲದು. ಇಷ್ಟರವರೆಗೆ ನಿರಪಾಯವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ.

ಈ ಉಗ್ರ ಕಣಗಳನ್ನು ಶಮನಗೊಳಿಸುವ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ನೆಲ್ಲಿ, ಪೇರಲ, ಲಿಂಬೆಗಳಲ್ಲಿರುವ ಸಿ ಜೀವಸತ್ವವು ಇವುಗಳಲ್ಲೊಂದು. ಬೆಳ್ಳುಳ್ಳಿಯ ಗಂಧಕಯುಕ್ತ ವಸ್ತುಗಳಿಗೂ ಈ ಗುಣವುಂಟು. ಇರಾನಿನ ಮಶ್ಹದ್ ನಗರದಲ್ಲಿ ಬ್ಯಾಟರಿ ಕಾರ್ಖಾನೆಯ 117 ಕೆಲಸಗಾರರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಾಲ್ಕು ವಾರ ಬೆಳ್ಳುಳ್ಳಿಯನ್ನು ಸೇವಿಸಿದವರ ರಕ್ತದಲ್ಲಿಯ ಸೀಸವು ಕಡಿಮೆಯಾದುದು ಕಂಡುಬಂದಿತು. ಆದರೆ ಅವರು ವಯಸ್ಕರು. ಆ ಒಂದು ಪರೀಕ್ಷೆಯನ್ನು ನೆಚ್ಚಿ ಮಗುವಿನ ಚಿಕಿತ್ಸೆಯನ್ನು ನಿಲ್ಲಿಸುವುದು ತರವಲ್ಲ.

ಊಟದಿಂದ ಇನ್ನೊಂದು ಉಪಕಾರವಿದೆ. ಕಬ್ಬಿಣ, ಸುಣ್ಣದ ಅಂಶಗಳು ಕಡಿಮೆಯಾದ ದೇಹವು ಸೀಸವನ್ನು ಹೆಚ್ಚಾಗಿ ಹೀರುವುದು, ಬರಿಹೊಟ್ಟೆಯಲ್ಲಿಯೂ ಹಾಗೆಯೇ. ಲಕ್ಷ್ಮೇಶ್ವರ, ಶಿರಹಟ್ಟಿಗಳ ಮನೆಗಳಲ್ಲಿ ರೊಟ್ಟಿಯೊಡನೆ ಉಣ್ಣುವ ಪುಂಡಿಪಲ್ಯೆ, ಮೆಂತ್ಯದ ಸೊಪ್ಪು, ಎಳ್ಳಿನ ಹಿಂಡಿ, ಮೊಸರುಗಳು ಈ ಕೊರತೆಯನ್ನು ನೀಗಲು ನೆರವಾಗುವವು. ಪಲ್ಯಕ್ಕೆ ಲಿಂಬೆಯನ್ನು ಹಿಂಡಿದರೆ ಕಬ್ಬಿಣವು ಚೆನ್ನಾಗಿ ಮೈಗೆ ಹತ್ತುವುದು. ಮಗುವನ್ನು ಉಪವಾಸ ಶಾಲೆಗೆ ಕಳುಹಿಸಬಾರದೆಂಬುದಕ್ಕೆ ಇದೂ ಒಂದು ಕಾರಣ.

ಆದರೆ ರಕ್ಷಿಸಬೇಕಾದ ವಸ್ತುವೇ ವಿಷವನ್ನು ಹೊತ್ತು ತರುವುದುಂಟು. ಬಾಂಗ್ಲಾದೇಶದಲ್ಲಿ ಅರಿಸಿನಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟನ್ನು ಬೆರೆಸುತ್ತಿದ್ದುದು 2019ರಲ್ಲಿ ಪ್ರಕಟವಾದ ಶೋಧನೆಗಳಿಂದ ಬಯಲಾಯಿತು. ಸರಕಾರವು ವ್ಯಾಪಾರಿಗಳಿಗೆ ದಂಡ ವಿಧಿಸಿ ಜನರನ್ನು ಎಚ್ಚರಿಸಿತು. ಮೊದಲು ಪೇಟೆಯ ಮಾದರಿಗಳಲ್ಲಿ ಶೇಕಡಾ 47ರಲ್ಲಿ ಸೀಸವಿತ್ತು. 2021ರಲ್ಲಿ ಒಂದರಲ್ಲಿಯೂ ಕಾಣಲಿಲ್ಲ. ಅತಿಯಾಗಿ ಹೊಳೆಯುವ ಬಿಡಿ ಪುಡಿಗಿಂತ ಕೊಂಬನ್ನು ತಂದು ತೊಳೆದು ಒಣಗಿಸಿ ಬೀಸಿಕೊಳ್ಳುವುದು ಮೇಲು. ಆದರೆ ಕೊಂಬಿಗೂ ಬಣ್ಣ ಹಚ್ಚುವುದುಂಟಾದುದರಿಂದ ಅದನ್ನೂ ನಂಬಿಗಸ್ತರಲ್ಲಿಯೇ ಕೊಳ್ಳತಕ್ಕದ್ದು.

ಮುಂಡರಗಿಯ ಕಡೆಯವರಿಗೆ ಈ ಪಾಠವು ಹೊಸದಲ್ಲ. ಅಲ್ಲಿಯ ಅಂತರ್ಜಲದಲ್ಲಿ ಹಲವೆಡೆ ಅಧಿಕವಾಗಿರುವ ಫ್ಲೋರೈಡು ಲೋಹವಲ್ಲ. ಆದರೂ ಹಲ್ಲು ಎಲುಬುಗಳನ್ನು ಕೆಡಿಸುವುದು. ಒಳ್ಳೆಯ ಊಟವು ಅಲ್ಲಿಯೂ ನೆರವಾಗಬಹುದು. ಆದರೆ ಕುಡಿಯುವ ನೀರನ್ನು ಬದಲಿಸದೆ ಬೇನೆಯು ನಿಲ್ಲದು. ಸೀಸದ ವಿಷಯದಲ್ಲಿಯೂ ಮೊದಲು ಮೂಲವನ್ನು ಕಡಿಯಬೇಕು. ಸೊಪ್ಪು ಹಣ್ಣುಗಳು ಅದರ ಬೆಂಬಲಕ್ಕೆ ಮಾತ್ರ.

ಆದುದರಿಂದ ಬ್ಯಾಟರಿಯ ಕೆಲಸ, ಬಣ್ಣದ ಕೆಲಸ ಮಾಡುವ ತಂದೆಯು ಕೈ ತೊಳೆದು ಬಟ್ಟೆ ಬದಲಿಸಿದ ಮೇಲೆಯೇ ಮಗುವನ್ನೆತ್ತಿಕೊಳ್ಳಲಿ. ಕಲಾಯಿಗೆ ಶುದ್ಧ ತವರವನ್ನೇ ಕೇಳಿರಿ. ಸಂಶಯವಿದ್ದ ಪಾತ್ರೆಯಲ್ಲಿ ಹುಣಿಸೆಯ ಸಾರನ್ನಿಡಬೇಡಿರಿ. ಮಗುವು ಮಣ್ಣು, ಬಣ್ಣದ ಚಕ್ಕೆಗಳನ್ನು ತಿನ್ನುತ್ತಿದ್ದರೆ, ಅಥವಾ ಹೊಟ್ಟೆನೋವು, ರಕ್ತಹೀನತೆ, ಪಾಠದಲ್ಲಿ ಹಿಂದೆ ಬೀಳುವಿಕೆಗಳು ಕಾರಣವಿಲ್ಲದೆ ಕಂಡುಬಂದರೆ, ವೈದ್ಯರ ಮೂಲಕ ರಕ್ತದಲ್ಲಿಯ ಸೀಸವನ್ನು ಪರೀಕ್ಷೆ ಮಾಡಿಸಿರಿ. ತಡವಾಗಿ ಕಲಿಯುವ ಮಗುವನ್ನು ದಡ್ಡನೆಂದೋ ದಡ್ಡಿಯೆಂದೋ ಕರೆಯುವ ಮುಂಚೆ ಈ ಒಂದು ಪರೀಕ್ಷೆಯನ್ನು ನೆನೆದರೆ ನಾವು ಬರೆದುದು ಸಾರ್ಥಕವಾಗುವುದು.