ಎಂಬಕಸಿಯಿಂದ ನಲವತ್ತೆರಡು ಕಿಲೋಮೀಟರ್



ನೈರೋಬಿಯಲ್ಲಿ ಓಟದ ಮಾತು ಬಂದರೆ ನಮ್ಮವರು ದೂರದಿಂದಲೇ ಕೈಮುಗಿಯುತ್ತಾರೆ. "ಅದು ಇಲ್ಲಿಯವರ ರಕ್ತದಲ್ಲೇ ಇದೆ, ನಮಗೆಲ್ಲಿ ಆಗುತ್ತೆ ಬಿಡಿ" ಎನ್ನುತ್ತಾರೆ. ಈ ಲೇಖನ ಬರೆಯುತ್ತಿರುವ ನಾನು ಎಂಬಕಸಿಯಲ್ಲಿ ವಾಸವಾಗಿರುವ, ನಲವತ್ತೈದು ದಾಟಿದ ಒಬ್ಬ ತಂದೆ. ಎರಡು ವರ್ಷದ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಅಂಶ ಗಡಿಯಲ್ಲಿದೆ, ಮೈಯನ್ನು ದಂಡಿಸಬೇಕು ಎಂದರು ವೈದ್ಯರು. ನಡಿಗೆಯಿಂದ ಶುರುವಾಗಿದ್ದು ನಿಧಾನ ಓಟವಾಯಿತು, ಕಳೆದ ವರ್ಷ ಅರ್ಧ ಮ್ಯಾರಥಾನ್ ಆಯಿತು. ಈ ಅಕ್ಟೋಬರ್‌ನಲ್ಲಿ ಪೂರ್ತಿ ಮ್ಯಾರಥಾನ್ ಓಡಬೇಕೆಂದು ತಯಾರಿ ನಡೆಸಿದ್ದೇನೆ. ಈ ತಯಾರಿ ಹೇಗೆ ನಡೆಯುತ್ತದೆ, ನಮ್ಮ ಮನೆಗಳಿಗೆ ಅದರಿಂದ ಏನು ಉಪಯೋಗ ಎಂಬುದನ್ನು ಹಂಚಿಕೊಳ್ಳೋಣ ಎಂದು ಬರೆಯುತ್ತಿದ್ದೇನೆ.

ನಲವತ್ತೆರಡು ಎಂದರೆ ಎಷ್ಟು?

ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ಈ ದೂರವೇ 1921ರಲ್ಲಿ ಅಧಿಕೃತವಾಯಿತು. ಮಕ್ಕಳೇ, ನಿಮ್ಮ ಶಾಲೆಯಲ್ಲಿ 400 ಮೀಟರ್ ಟ್ರ್ಯಾಕ್ ಇದ್ದರೆ ಅದನ್ನು 105 ಸುತ್ತು ಹಾಕಿ, ಮೇಲೆ ಇನ್ನರ್ಧ ಸುತ್ತು ಹಾಕಿದಷ್ಟು.

ಕೀನ್ಯಾದ ಎಲಿಯುಡ್ ಕಿಪ್ಚೋಗೆ 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಈ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ಸರದಿಯ ಮೇಲೆ ಜೊತೆಗಾರರು ಮುಂದೆ ಓಡಿ ವೇಗ ಹಿಡಿದುಕೊಟ್ಟಿದ್ದರಿಂದ ಅದನ್ನು ಅಧಿಕೃತ ದಾಖಲೆಯಾಗಿ ಪರಿಗಣಿಸಲಿಲ್ಲ. ಆದರೂ ಎರಡು ಗಂಟೆಯೊಳಗೆ ಈ ದೂರ ಓಡಿದ ಮೊದಲ ಮನುಷ್ಯ ಅವರೇ. 2023ರಲ್ಲಿ ಇದೇ ದೇಶದ ಕೆಲ್ವಿನ್ ಕಿಪ್ಟುಮ್ ಶಿಕಾಗೋದಲ್ಲಿ 2 ಗಂಟೆ 35 ಸೆಕೆಂಡಿನ ವಿಶ್ವದಾಖಲೆ ಮಾಡಿದರು. ನಾಲ್ಕೇ ತಿಂಗಳಲ್ಲಿ, 24ನೇ ವಯಸ್ಸಿಗೆ, ಕಾರು ಅಪಘಾತದಲ್ಲಿ ತೀರಿಕೊಂಡರು. ಇಡೀ ದೇಶವೇ ಅತ್ತಿತು.

ಕಿಪ್ಚೋಗೆಯ ವೇಗ ಎಷ್ಟಿತ್ತು ಗೊತ್ತೇ? 100 ಮೀಟರಿಗೆ ಸುಮಾರು 17 ಸೆಕೆಂಡು. ಮೈದಾನದಲ್ಲಿ ಒಮ್ಮೆ ಓಡಿ ನೋಡಿ. ನಿಮ್ಮಲ್ಲಿ ಕೆಲವರಿಗೆ ಅದು ಸಾಧ್ಯವಾಗಬಹುದು. ಆಮೇಲೆ ಒಂದು ಕ್ಷಣವೂ ನಿಲ್ಲದೆ ಇನ್ನೂ 421 ಸಲ ಹಾಗೆಯೇ ಓಡಬೇಕು, ಅಷ್ಟೇ!

ನನ್ನ ಲೆಕ್ಕ ಬೇರೆ. ಕಿಲೋಮೀಟರಿಗೆ 7 ನಿಮಿಷ ಹಿಡಿದರೆ ಒಟ್ಟು 4 ಗಂಟೆ 55 ನಿಮಿಷ. ಗೆದ್ದವರು ಸ್ನಾನ, ಊಟ ಮುಗಿಸಿರುವ ಹೊತ್ತಿಗೆ ನಾನಿನ್ನೂ ರಸ್ತೆಯಲ್ಲೇ ಇರುತ್ತೇನೆ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಬೆಳಗಾವಿಯ ಫಡೆಪ್ಪ

"ಓಟ ನಮಗಲ್ಲ" ಎನ್ನುವವರಿಗೆ ಒಂದು ಹೆಸರು ಹೇಳಬೇಕು: ಫಡೆಪ್ಪ ದಾರೆಪ್ಪ ಚೌಗುಲೆ. ನಮ್ಮ ಬೆಳಗಾವಿಯವರು. 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಪುಟ್ಟ ತಂಡದಲ್ಲಿ ಅವರಿದ್ದರು.

ಆಗ ನಮ್ಮಲ್ಲಿ ಒಲಿಂಪಿಕ್ ಸಂಸ್ಥೆ ಎಂಬುದೇ ಇರಲಿಲ್ಲ. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟಕ್ಕೆ ಹೋಗಿದ್ದ ಉದ್ಯಮಿ ಸರ್ ದೊರಾಬ್ಜಿ ಟಾಟಾ ಅಲ್ಲಿ ರೈತಾಪಿ ಹುಡುಗರು ಬರಿಗಾಲಲ್ಲಿ ದೂರದ ಓಟ ಓಡುವುದನ್ನು ಕಂಡರು. ಇವರನ್ನು ಒಲಿಂಪಿಕ್ಸ್‌ಗೆ ಯಾಕೆ ಕಳಿಸಬಾರದು ಎಂದು ಅವರಿಗೆ ಅನಿಸಿತು. ಕೈಯಿಂದ ಹಣ ಹಾಕಿದರು, ಚಂದಾ ಎತ್ತಿಸಿದರು, ಹಡಗು ಹತ್ತಿಸಿದರು. ಇಂಗ್ಲೆಂಡಿನಲ್ಲಿ ಕೆಲವು ವಾರ ತರಬೇತಿಯೂ ಆಯಿತು.

ಆಂಟ್‌ವರ್ಪ್‌ನ ಮ್ಯಾರಥಾನ್ ಈಗಿನದಕ್ಕಿಂತ ಉದ್ದವಾಗಿತ್ತು, 42.75 ಕಿಲೋಮೀಟರ್. ಫಡೆಪ್ಪ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಕಿಲೋಮೀಟರಿಗೆ ಸರಿಯಾಗಿ ನಾಲ್ಕು ನಿಮಿಷದಂತೆ ಓಡಿದ ಹಾಗಾಯಿತು. ಜೊತೆಗೆ ಓಡಿದ ಸದಾಶಿವ ದಾತಾರ್ ಅವರಿಗೆ ಓಟ ಮುಗಿಸಲಾಗಲಿಲ್ಲ. ಇಂದಿನ ಶೂ, ವಾಚು, ಕೋಚುಗಳ ಸೌಲಭ್ಯವಿರುವ ಹವ್ಯಾಸಿಗಳಲ್ಲೂ ಮೂರು ಗಂಟೆಯೊಳಗೆ ಮುಗಿಸುವವರು ಕಡಿಮೆಯೇ. ನೂರು ವರ್ಷದ ಹಿಂದೆ ಬೆಳಗಾವಿಯ ಹುಡುಗ ಅದನ್ನು ಮಾಡಿ ತೋರಿಸಿದ್ದ.

ಕೀನ್ಯಾದ ಓಟದ ಚರಿತ್ರೆಯಲ್ಲೂ ನಮ್ಮ ನೆರೆಯವರೊಬ್ಬರಿದ್ದಾರೆ. ಮೊಂಬಾಸಾದಲ್ಲಿ ಹುಟ್ಟಿದ, ಗೋವಾ ಮೂಲದ ಸೆರಾಫಿನೋ ಅಂಟಾವ್ 1962ರಲ್ಲಿ ಪರ್ತ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕೂಟದಲ್ಲಿ 100 ಗಜ ಮತ್ತು 220 ಗಜದ ಓಟಗಳೆರಡರಲ್ಲೂ ಚಿನ್ನ ಗೆದ್ದರು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ಆಗಷ್ಟೇ ಸ್ವತಂತ್ರವಾಗಿದ್ದ ಕೀನ್ಯಾದ ಧ್ವಜ ಹಿಡಿದು ನಡೆದವರೂ ಅವರೇ. ಹೀಗಾಗಿ ರಕ್ತದ ಮಾತು ಸಾಕು, ಅಭ್ಯಾಸದ ಮಾತಿಗೆ ಬರೋಣ.

ಎತ್ತರದ ಗಾಳಿ, ಎರೆ ಮಣ್ಣು

ಎಂಬಕಸಿಯ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ 1,624 ಮೀಟರ್ ಎತ್ತರದಲ್ಲಿದೆ. ಬೆಂಗಳೂರು ಸುಮಾರು 920 ಮೀಟರ್. ಮಂಗಳೂರು ಕಡಲ ದಡದ ಊರು. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಇಲ್ಲಿ ಒಂದು ಉಸಿರಿನಲ್ಲಿ ಸಿಗುವ ಆಮ್ಲಜನಕ ಕಡಲ ದಡಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಆರನೇ ಒಂದು ಭಾಗ ಕಡಿಮೆ. ಊರಿಂದ ಬಂದ ಅಜ್ಜ, ಅಜ್ಜಿ ಮೊದಲ ವಾರ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವುದು ಇದೇ ಕಾರಣಕ್ಕೆ. ವಾರಗಳು ಕಳೆದಂತೆ ದೇಹ ಹೆಚ್ಚು ಕೆಂಪು ರಕ್ತಕಣಗಳನ್ನು ತಯಾರಿಸಿ ಹೊಂದಿಕೊಳ್ಳುತ್ತದೆ. ಪ್ರಪಂಚದ ಓಟಗಾರರು 2,400 ಮೀಟರ್ ಎತ್ತರದ ಇಟೆನ್ ಊರಿಗೆ ಹುಡುಕಿಕೊಂಡು ಬರುವುದೂ ಇದಕ್ಕೇ.

ಹವ್ಯಾಸಿಗೆ ಇದರಿಂದ ಸಿಗುವ ಪಾಠ ಒಂದೇ: ನಿಧಾನ. ಓಡುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿಯಾಯಿತು ಎಂದರ್ಥ. ಸ್ವಾಹಿಲಿಯಲ್ಲಿ "ಹರಾಕಾ ಹರಾಕಾ ಹೈನಾ ಬರಾಕಾ" ಎಂಬ ಗಾದೆಯನ್ನು ನಮ್ಮ ಮಕ್ಕಳೆಲ್ಲ ಕೇಳಿರುತ್ತಾರೆ. ಅವಸರಕ್ಕೆ ಬರಕತ್ತಿಲ್ಲ ಎಂದು ಅದರ ಅರ್ಥ. ನಮ್ಮಲ್ಲಿ ನಿಧಾನವೇ ಪ್ರಧಾನ ಎನ್ನುತ್ತೇವೆ. ಕಿಪ್ಚೋಗೆಯಂಥವರೂ ವಾರದ ಹೆಚ್ಚಿನ ಓಟವನ್ನು ಆರಾಮದ ವೇಗದಲ್ಲೇ ಓಡುತ್ತಾರೆ.

ಇನ್ನು ನೆಲದ ವಿಷಯ. ಎಂಬಕಸಿಯಿಂದ ಅಥಿ ಬಯಲಿನ ಕಡೆಗೆ ಇರುವುದು ಕಪ್ಪು ಎರೆ ಮಣ್ಣು. ವಿಜಯಪುರ, ಧಾರವಾಡದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಒಣಗಿದರೆ ಬಿರುಕು, ನೆನೆದರೆ ಒಂದೊಂದು ಶೂಗೂ ಸೇರು ಮಣ್ಣು. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಆದ್ದರಿಂದ ಜುಲೈ, ಆಗಸ್ಟ್‌ನ ತಂಪು ಮೋಡದ ಬೆಳಗುಗಳೇ ತಯಾರಿಗೆ ಒಳ್ಳೆಯ ಕಾಲ. ಮಳೆ ಬಂದರೆ ಔಟರ್ ರಿಂಗ್ ರೋಡಿನ ಕಾಲುದಾರಿ ಇದೆ. ವರ್ಷವಿಡೀ ಸೂರ್ಯ ಸುಮಾರು ಆರೂವರೆಗೇ ಹುಟ್ಟುವುದರಿಂದ ಬೆಳಕು ಹರಿದ ಮೇಲೆಯೇ ಹೊರಡುತ್ತೇನೆ, ಒಬ್ಬನೇ ಹೋಗುವುದಿಲ್ಲ. ರಸ್ತೆಬದಿಯಲ್ಲಿ ಓಡುವುದಾದರೆ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಬೇಕು. ಮಟಾಟು, ಬೋಡಾಬೋಡಾಗಳು ನಮಗಾಗಿ ನಿಲ್ಲುತ್ತವೆ ಎಂದು ನಂಬುವ ಹಾಗಿಲ್ಲ.

ಹದಿನಾರು ವಾರದ ಲೆಕ್ಕ

ನೈರೋಬಿ ಮ್ಯಾರಥಾನ್ 2003ರಲ್ಲಿ ಶುರುವಾಯಿತು, ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೆ ನಡೆಯುತ್ತದೆ. ಹತ್ತು ಕಿಲೋಮೀಟರ್ ಆರಾಮವಾಗಿ ಓಡಬಲ್ಲವರಿಗೆ ಹದಿನಾರರಿಂದ ಇಪ್ಪತ್ತು ವಾರದ ತಯಾರಿ ಬೇಕು. ನನ್ನ ವಾರ ಹೀಗಿದೆ:

ಮಂಗಳವಾರ: 40 ನಿಮಿಷ ನಿಧಾನ ಓಟ.
ಬುಧವಾರ: 8 ಕಿಲೋಮೀಟರ್, ನಡುವೆ ಸ್ವಲ್ಪ ವೇಗ.
ಶುಕ್ರವಾರ: ಮತ್ತೆ 40 ನಿಮಿಷ ನಿಧಾನ.
ಶನಿವಾರ: ಓಟವಿಲ್ಲ. ಕನ್ನಡ ತರಗತಿ! ಸಂಜೆ ಮನೆಯಲ್ಲಿ ಬಸ್ಕಿ, ಮೀನಖಂಡಕ್ಕೆ ವ್ಯಾಯಾಮ.
ಭಾನುವಾರ: ದೂರದ ಓಟ.

ಭಾನುವಾರದ ಓಟ 14 ಕಿಲೋಮೀಟರಿನಿಂದ ಆರಂಭವಾಗಿ ವಾರಕ್ಕೆ ಒಂದೆರಡು ಕಿಲೋಮೀಟರ್ ಹೆಚ್ಚುತ್ತದೆ. ಪ್ರತಿ ನಾಲ್ಕನೆಯ ವಾರ ಕಡಿಮೆ ಮಾಡಿ ದೇಹಕ್ಕೆ ಬಿಡುವು ಕೊಡಬೇಕು. ಅತಿ ಹೆಚ್ಚೆಂದರೆ 30ರಿಂದ 32 ಕಿಲೋಮೀಟರ್. ಕೊನೆಯ ಮೂರು ವಾರ ಓಟ ಇಳಿಸುತ್ತಾ ಬರಬೇಕು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದಿದರೆ ಲಾಭವಿಲ್ಲ ಎಂದು ಮಕ್ಕಳಿಗೆ ಹೇಳುತ್ತೇವಲ್ಲ, ಹಾಗೆಯೇ ಇದು.

ತರಬೇತಿಯಲ್ಲಿ ಯಾಕೆ 42 ಓಡುವುದಿಲ್ಲ? ಅಷ್ಟು ಓಡಿದರೆ ಚೇತರಿಸಿಕೊಳ್ಳಲು ವಾರಗಟ್ಟಲೆ ಬೇಕು, ಉಳಿದ ಅಭ್ಯಾಸವೆಲ್ಲ ಕೆಡುತ್ತದೆ.

ರಾಗಿ ತವರಿಗೆ ಬಂದಿದ್ದೇವೆ

ಓಟಕ್ಕೆ ಬೇಕಾದ ಇಂಧನವನ್ನು ದೇಹ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಂಡಿರುತ್ತದೆ. ಅದು ಬಹಳ ಜನರಿಗೆ 30 ಕಿಲೋಮೀಟರ್ ಆಸುಪಾಸಿನಲ್ಲಿ ಮುಗಿಯುತ್ತಾ ಬರುತ್ತದೆ. ಆಗ ಕಾಲು ಕಲ್ಲಾಗುತ್ತದೆ, ತಲೆ ಮಂಕಾಗುತ್ತದೆ. ಅದನ್ನು ತಪ್ಪಿಸಲು ಹಿಟ್ಟಿನಂಶದ ಊಟ ಬೇಕು, ಓಡುವಾಗಲೂ ಸ್ವಲ್ಪ ಸ್ವಲ್ಪ ತಿನ್ನಬೇಕು.

ಇಲ್ಲಿ ನಮಗೊಂದು ಸಂತೋಷದ ಸಂಗತಿ ಇದೆ. ನಾವು ಕರ್ನಾಟಕದ್ದೇ ಎಂದುಕೊಂಡಿರುವ ರಾಗಿಯ ಮೂಲ ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಸಾವಿರಾರು ವರ್ಷದ ಹಿಂದೆ ಅದು ಭಾರತಕ್ಕೆ ಬಂತು. ಸ್ವಾಹಿಲಿಯಲ್ಲಿ ಅದರ ಹೆಸರು ವಿಂಬಿ. ವಿಂಬಿಯ ಉಜಿ ಕುಡಿದವರಿಗೆ ನಮ್ಮ ಅಂಬಲಿ ನೆನಪಾಗದೆ ಇರದು. ಉಗಾಲಿ ಮೆಕ್ಕೆಜೋಳದ್ದಾದರೂ ಮುದ್ದೆಯ ತಮ್ಮನೇ, ಸುಕುಮಾ ವಿಕಿ ನಮ್ಮ ಸೊಪ್ಪಿನ ಪಲ್ಯದ ತಂಗಿ. ಶನಿವಾರ ರಾತ್ರಿ ನಮ್ಮನೆಯಲ್ಲಿ ಮುದ್ದೆ, ಬೇಳೆ ಸಾರು. ಭಾನುವಾರ ಬೆಳಿಗ್ಗೆ ಬಾಳೆಹಣ್ಣು, ಜೇಬಿನಲ್ಲಿ ಖರ್ಜೂರ. ಬಂದ ಮೇಲೆ ಮೊಸರನ್ನ.

ನೀರನ್ನು ಬಾಯಾರಿಕೆಗೆ ತಕ್ಕಷ್ಟು ಕುಡಿಯಬೇಕು. ಮಿತಿಮೀರಿ ಬರೀ ನೀರು ಕುಡಿದರೆ ರಕ್ತದ ಉಪ್ಪಿನಂಶ ಕುಸಿದು ಪ್ರಾಣಾಪಾಯವೂ ಆಗಬಹುದು. ಉಪ್ಪು ಹಾಕಿದ ನಿಂಬೆ ಪಾನಕವನ್ನು ನಾನು ಜೊತೆಗೆ ಒಯ್ಯುತ್ತೇನೆ.

ನಿಲ್ಲಿಸುವುದೂ ಅಭ್ಯಾಸವೇ

ದಕ್ಷಿಣ ಏಷ್ಯಾ ಮೂಲದವರಲ್ಲಿ ಹೃದಯದ ಕಾಯಿಲೆ ಮತ್ತು ಮಧುಮೇಹ ಬೇರೆಯವರಿಗಿಂತ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತವೆ. ಓಟ ಇದಕ್ಕೆ ಮದ್ದೂ ಹೌದು. ಪರೀಕ್ಷೆ ಮಾಡಿಸದೆ ಹಠಕ್ಕೆ ಬಿದ್ದು ಓಡಿದರೆ ಅಪಾಯವೂ ಹೌದು. ನಲವತ್ತು ದಾಟಿದವರು ರಕ್ತದೊತ್ತಡ, ಸಕ್ಕರೆ, ಹೃದಯ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಓಡುವಾಗ ಎದೆ ಹಿಡಿದರೆ, ತಲೆ ಸುತ್ತಿದರೆ, ನೋವು ಎಡಗೈಗೋ ದವಡೆಗೋ ಹರಿದರೆ ಅಲ್ಲೇ ನಿಲ್ಲಬೇಕು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪದಕ ಮುಂದಿನ ವರ್ಷವೂ ಸಿಗುತ್ತದೆ.

ನಮ್ಮ ಮನೆಯಲ್ಲಿ ಒಂದು ಒಪ್ಪಂದವಾಗಿದೆ. ಓಟಕ್ಕೆ ಮೂರು ವಾರ ಇರುವಾಗ 30 ಕಿಲೋಮೀಟರನ್ನು ನೋವಿಲ್ಲದೆ ಮುಗಿಸಿರಬೇಕು. ಇಲ್ಲವಾದರೆ ಈ ವರ್ಷ ಅರ್ಧ ಮ್ಯಾರಥಾನ್‌ಗೇ ತೃಪ್ತಿ. ತೀರ್ಪು ಕೊಡುವವಳು ಹೆಂಡತಿ, ವಾಚು ನೋಡಿ ಬರೆದಿಡುವವಳು ಮಗಳು. ಮೇಲ್ಮನವಿ ಇಲ್ಲ. ಈವರೆಗೆ 22 ಕಿಲೋಮೀಟರ್ ಆಗಿದೆ. ಆಗುತ್ತದೆಯೋ ಇಲ್ಲವೋ ಎಂದು ಈಗಲೇ ಹೇಳಲಾರೆ. ಮೊನ್ನೆಯ ಪರೀಕ್ಷೆಯಲ್ಲಿ ಸಕ್ಕರೆ ಅಂಶ ಮಾತ್ರ ಗಡಿಯಿಂದ ಕೆಳಗಿಳಿದಿದೆ. ನನ್ನ ಪಾಲಿಗೆ ದೊಡ್ಡ ಬಹುಮಾನ ಅದೇ.

ಮಕ್ಕಳಿಗೆ

ಪೂರ್ತಿ ಮ್ಯಾರಥಾನ್ ಬೆಳೆಯುವ ಮೂಳೆಗಳಿಗಲ್ಲ, ಅದು ದೊಡ್ಡವರ ಓಟ. ನಿಮಗಾಗಿ ಐದು ಕಿಲೋಮೀಟರಿನ ಕುಟುಂಬ ಓಟ ಇರುತ್ತದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕುಂಟೆಬಿಲ್ಲೆ, ಕಬಡ್ಡಿ, ಫುಟ್‌ಬಾಲ್ ಯಾವುದಾದರೂ ಸರಿ.

ಈ ತಿಂಗಳ ಕೆಲಸ ಇಷ್ಟು: ಅಪ್ಪ, ಅಮ್ಮ, ಅಜ್ಜಿ, ಯಾರಾದರೊಬ್ಬರನ್ನು ಹೊರಗೆ ಕರೆದುಕೊಂಡು ಹೋಗಿ ಅರ್ಧ ಗಂಟೆ ನಡೆಯಿರಿ. ದಾರಿಯಲ್ಲಿ ಕಂಡ ಹತ್ತು ವಸ್ತುಗಳ ಹೆಸರನ್ನು ಕನ್ನಡದಲ್ಲೂ ಸ್ವಾಹಿಲಿಯಲ್ಲೂ ಬರೆದು ಮುಂದಿನ ಶನಿವಾರ ತರಗತಿಗೆ ತನ್ನಿ. ಓಟದ ದಿನ ರಸ್ತೆಬದಿಗೆ ಬಂದು ಕನ್ನಡದಲ್ಲಿ ಕೂಗಿ ಹುರಿದುಂಬಿಸುವವರಿಗೆ ನಮ್ಮ ಮನೆಯಿಂದ ಚಿತ್ರಾನ್ನ ಖಂಡಿತ.