ಬರಹ ನಮ್ಮನ್ನು ಒಪ್ಪಿಸುವುದು ಹೇಗೆ? ಕೊಕ್ಕರೆ ಬೆಳ್ಳೂರಿನ ಪಾಠ

ಪರಿಸರದ ಮೇಲಿನ ಒಂದು ಪ್ರಬಂಧ ಓದುಗರ ಮನಸ್ಸು ಬದಲಿಸಬೇಕಾದರೆ ಅದರಲ್ಲಿ ಏನೇನಿರಬೇಕು? ಉತ್ತರ ನಮ್ಮ ಆತಗೂರು ಇರುವ ಮದ್ದೂರು ತಾಲ್ಲೂಕಿನಲ್ಲೇ ಇದೆ: ಕೊಕ್ಕರೆ ಬೆಳ್ಳೂರು.

ಇಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಈ ಊರಿನ ಬಗ್ಗೆ ಬರೆಯುವವರ ಕೈಯಲ್ಲಿ ಮೂರು ಅಸ್ತ್ರಗಳಿವೆ.

ಮೊದಲನೆಯದು, ಭಾವ. ಹಕ್ಕಿಗಳೆಂದರೆ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ ಊರವರು. ಈ ಮಾತು ಕೇಳಿದ ಮೇಲೆ ಕಲ್ಲೆಸೆಯಲು ಯಾರಿಗೆ ಮನಸ್ಸು ಬಂದೀತು? ಆದರೆ ಭಾವ ಒಂದೇ ಸಾಲದು.

ಎರಡನೆಯದು, ಲೆಕ್ಕ. ಹಕ್ಕಿಯ ಹಿಕ್ಕೆ ಹೊಲಕ್ಕೆ ಗೊಬ್ಬರ, ಅದು ಲಾಭ. ಗೂಡು ತುಂಬಿದ ಹುಣಸೆ ಮರದ ಫಸಲು ಮಾಲೀಕರ ಕೈಗೆ ಸಿಗುವುದಿಲ್ಲ, ಅದು ನಷ್ಟ. ಅದಕ್ಕೇ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಮಾಡಿತು. ನಷ್ಟವನ್ನೂ ಮುಚ್ಚಿಡದೆ ಹೇಳುವ ಬರಹವನ್ನು ರೈತರು ನಂಬುತ್ತಾರೆ.

ಮೂರನೆಯದು, ಸಾಕ್ಷಿ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಈ ಊರಿನ ಹಕ್ಕಿಗಳತ್ತ ಹೊರಜಗತ್ತಿನ ಗಮನ ಸೆಳೆದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಹೆಸರು, ಇಸವಿ, ಆದೇಶ ಇದ್ದಾಗ ಮಾತಿಗೆ ತೂಕ ಬರುತ್ತದೆ.

ಇನ್ನು ಮುಂದೆ ಯಾವುದೇ ಪರಿಸರ ಲೇಖನ ಓದುವಾಗ ಮೂರು ಪ್ರಶ್ನೆ ಕೇಳಿ. ಇದು ನನ್ನ ಮನಸ್ಸು ಮುಟ್ಟಿತೇ? ಲಾಭ ನಷ್ಟ ಎರಡನ್ನೂ ಹೇಳಿತೇ? ಹೇಳಿದ್ದಕ್ಕೆ ಆಧಾರ ಕೊಟ್ಟಿತೇ? ಮೂರಕ್ಕೂ ಹೌದು ಎಂದಾದರೆ ಆ ಲೇಖನವನ್ನು ನಾಲ್ಕು ಜನರಿಗೆ ಓದಿ ಹೇಳಿ. ಒಂದು ಕೊರತೆಯಾದರೂ ಕಂಡರೆ, ಒಪ್ಪುವ ಮೊದಲು ಇನ್ನಷ್ಟು ವಿಚಾರಿಸಿ.