ಆಕ್ಸ್‌ಫರ್ಡಿನ ವಿಜ್ಞಾನಮಂದಿರ

ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಬಹು ಪ್ರಾಚೀನವಾದುದು. ಎಂಟು ನೂರು ವರ್ಷಗಳಿಗೂ ಮಿಕ್ಕಿ ಅಲ್ಲಿ ವಿದ್ಯಾದಾನ ನಡೆದುಬಂದಿದೆ. ಆದರೆ ಈ ದೀರ್ಘಕಾಲದ ಬಹುಭಾಗದಲ್ಲಿ ಪ್ರಕೃತಿವಿಜ್ಞಾನಗಳಿಗೆ ಅಲ್ಲಿ ಸ್ವಂತದ್ದೆಂಬ ಮನೆಯೇ ಇರಲಿಲ್ಲ. ಗ್ರೀಕ್, ಲ್ಯಾಟಿನ್, ಮತಧರ್ಮಶಾಸ್ತ್ರ ಇವುಗಳಿಗೇ ಅಗ್ರಪೂಜೆ ಸಲ್ಲುತ್ತಿತ್ತು. ಅಂಗರಚನಾಶಾಸ್ತ್ರದ ಪಾಠ ಒಂದು ಕಾಲೇಜಿನ ಮೂಲೆಯಲ್ಲಿ ನಡೆಯುತ್ತಿತ್ತು; ರಸಾಯನಶಾಸ್ತ್ರಕ್ಕೆ ಹಳೆಯ ಕಟ್ಟಡವೊಂದರ ನೆಲಮಾಳಿಗೆ; ಭೂವಿಜ್ಞಾನದ ಕಲ್ಲುಗಳಿಗೆ ಮತ್ತೆಲ್ಲಿಯೋ ಒಂದು ಕೊಠಡಿ. ಪ್ರಕೃತಿಯನ್ನು ಸಮಗ್ರವಾಗಿ ಅರಿಯಬೇಕೆಂಬ ವಿದ್ಯಾರ್ಥಿ ಊರಿನ ಬೀದಿಗಳಲ್ಲಿ ಅಲೆಯಬೇಕಾಗಿತ್ತು.

ಈ ಕೊರತೆಯನ್ನು ಕಂಡು ಮರುಗಿದವನು ಹೆನ್ರಿ ಆಕ್ಲೆಂಡ್ ಎಂಬ ವೈದ್ಯ. ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಆತ ಎಲ್ಲ ವಿಜ್ಞಾನಗಳನ್ನೂ ಒಂದೇ ಸೂರಿನಡಿಯಲ್ಲಿ ತರಬೇಕೆಂದು ವರ್ಷಗಟ್ಟಲೆ ವಾದಿಸಿದ. 1850ರಲ್ಲಿ ವಿಶ್ವವಿದ್ಯಾನಿಲಯ ಪ್ರಕೃತಿವಿಜ್ಞಾನದಲ್ಲಿ ಪದವಿ ಪರೀಕ್ಷೆಯನ್ನು ಆರಂಭಿಸಿದಾಗ ಅವನ ವಾದಕ್ಕೆ ಬಲ ಬಂದಿತು. ವಿರೋಧಿಸಿದವರೂ ಅನೇಕರಿದ್ದರು. ಖರ್ಚಿಗೆ ಹೆದರಿದವರು ಕೆಲವರು; ವಿಜ್ಞಾನ ಯುವಕರ ಧರ್ಮಶ್ರದ್ಧೆಯನ್ನು ಕದಲಿಸೀತೆಂದು ಅಂಜಿದವರು ಹಲವರು. ಸೃಷ್ಟಿಯನ್ನು ಅರಿಯುವುದು ಸೃಷ್ಟಿಕರ್ತನ ಕೈಚಳಕವನ್ನು ಅರಿತಂತೆಯೇ ಎಂಬುದು ಆಕ್ಲೆಂಡನ ಉತ್ತರವಾಗಿತ್ತು. ಕೊನೆಗೆ ಕಟ್ಟಡಕ್ಕೆ 30,000 ಪೌಂಡು ಹಣ ದೊರೆಯಿತು. ಈ ಹಣ ಬಂದುದು ವಿಶ್ವವಿದ್ಯಾನಿಲಯದ ಮುದ್ರಣಾಲಯ ಬೈಬಲ್ಲುಗಳನ್ನು ಮಾರಿ ಗಳಿಸಿದ ಲಾಭದಿಂದ ಎಂಬುದನ್ನು ನಾವು ನೆನಪಿನಲ್ಲಿಡಬೇಕು. ಮುಂದೆ ಈ ಕಟ್ಟಡದಲ್ಲಿ ನಡೆದ ಒಂದು ಪ್ರಸಂಗವನ್ನು ಓದುವಾಗ ಅದರ ಸ್ವಾರಸ್ಯ ತಿಳಿಯುತ್ತದೆ.

1854ರಲ್ಲಿ ನಕ್ಷೆಗಳಿಗಾಗಿ ಸ್ಪರ್ಧೆ ಏರ್ಪಟ್ಟಿತು. ಬಂದ ಮೂವತ್ತೆರಡು ನಕ್ಷೆಗಳಲ್ಲಿ ಡಬ್ಲಿನ್ ನಗರದ ಡೀನ್ ಮತ್ತು ವುಡ್‌ವರ್ಡ್ ಸಂಸ್ಥೆಯ ನಕ್ಷೆ ಆಯ್ಕೆಯಾಯಿತು. ಅದನ್ನು ರೂಪಿಸಿದವನು ಮಿತಭಾಷಿಯೂ ರೋಗಪೀಡಿತನೂ ಆಗಿದ್ದ ಬೆಂಜಮಿನ್ ವುಡ್‌ವರ್ಡ್. 1855ರ ಜೂನ್ 20ರಂದು ಅಸ್ತಿಭಾರದ ಕಲ್ಲನ್ನಿಟ್ಟರು; 1860ರಲ್ಲಿ ಕಟ್ಟಡ ಬಳಕೆಗೆ ಬಂದಿತು. ಮರುವರ್ಷವೇ ವುಡ್‌ವರ್ಡ್ ಕ್ಷಯರೋಗದಿಂದ ತೀರಿಕೊಂಡ.

ವುಡ್‌ವರ್ಡ್ ಆರಿಸಿಕೊಂಡುದು ಗಾಥಿಕ್ ಶೈಲಿಯನ್ನು. ಚೂಪು ತುದಿಯ ಕಮಾನುಗಳು, ಕಡಿದಾದ ಮಾಡು, ಹೇರಳವಾದ ಕೆತ್ತನೆ ಇವು ಆ ಶೈಲಿಯ ಲಕ್ಷಣಗಳು. ಮಧ್ಯಯುಗದ ಕ್ರೈಸ್ತ ದೇವಾಲಯಗಳಿಗೆ ಒಗ್ಗಿದ ಈ ಶೈಲಿ ಪ್ರಯೋಗಶಾಲೆಗಳಿಗೆ ಏತಕ್ಕೆ ಎಂದು ಅಂದಿನವರೇ ಕೇಳಿದರು. ಆಕ್ಲೆಂಡನ ಮಿತ್ರನೂ ಹೆಸರಾಂತ ಕಲಾವಿಮರ್ಶಕನೂ ಆದ ಜಾನ್ ರಸ್ಕಿನ್ ಈ ಶೈಲಿಯನ್ನು ಎತ್ತಿಹಿಡಿದ. ಗಾಥಿಕ್ ಕಟ್ಟಡದಲ್ಲಿ ಎಡಭಾಗ ಬಲಭಾಗಗಳು ಒಂದರ ಪಡಿಯಚ್ಚಾಗಿ ಇರಬೇಕಾಗಿಲ್ಲ. ಎಲ್ಲಿ ಬೆಳಕು ಬೇಕೋ ಅಲ್ಲಿ ಕಿಟಕಿಯನ್ನಿಡಬಹುದು, ಎಲ್ಲಿ ಕೊಠಡಿ ಬೇಕೋ ಅಲ್ಲಿ ಗೋಡೆಯನ್ನು ಚಾಚಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅದು ಕಲ್ಕುಟಿಗನ ಕೈಗೆ ಸ್ವಾತಂತ್ರ್ಯವನ್ನು ಕೊಡುತ್ತದೆ ಎಂಬುದು ರಸ್ಕಿನ್ನನ ನಂಬಿಕೆ. ನಕ್ಷೆಗಾರ ಬರೆದುಕೊಟ್ಟ ಗೆರೆಯ ಮೇಲೆ ಉಳಿ ಓಡಿಸುವವನು ಯಂತ್ರವಾಗುತ್ತಾನೆ. ತನ್ನ ಕಣ್ಣಿಂದ ನೋಡಿ ತನ್ನ ಮನಸ್ಸಿನಂತೆ ಕೆತ್ತುವವನು ಮನುಷ್ಯನಾಗಿ ಉಳಿಯುತ್ತಾನೆ ಎಂದು ಅವನು ಬೋಧಿಸುತ್ತಿದ್ದ. ಅವನು ಕೆಲವು ಕಿಟಕಿಗಳಿಗೆ ತಾನೇ ರೇಖಾಚಿತ್ರ ಬರೆದುಕೊಟ್ಟ. ಒಂದು ಇಟ್ಟಿಗೆಯ ಕಂಬವನ್ನು ಸ್ವಹಸ್ತದಿಂದ ಕಟ್ಟಿದನೆಂದೂ, ಅದನ್ನು ಕೆಲಸಗಾರರು ಕೆಡವಿ ಮತ್ತೆ ಕಟ್ಟಬೇಕಾಯಿತೆಂದೂ ಒಂದು ಕಥೆ ಇದೆ.

ಕಟ್ಟಡದ ಮುಖ ಪಶ್ಚಿಮಕ್ಕಿದೆ. ಎರಡು ಅಂತಸ್ತಿನ ಉದ್ದನೆಯ ಗೋಡೆ, ಅದರ ನಡುವೆ ಚೌಕಾಕಾರದ ಗೋಪುರ, ಗೋಪುರದ ಬುಡದಲ್ಲಿ ಕಮಾನಿನ ಬಾಗಿಲು. ಬಾಗಿಲಿನ ಕಮಾನಿನ ನೆತ್ತಿಯಲ್ಲಿ ಒಬ್ಬ ದೇವದೂತನನ್ನು ಕಾಣಬಹುದು. ಅವನ ಒಂದು ಕೈಯಲ್ಲಿ ಪುಸ್ತಕವಿದೆ. ಮತ್ತೊಂದು ಕೈಯಲ್ಲಿ ಇರುವುದು ಜೀವಕೋಶ! ಸೂಕ್ಷ್ಮದರ್ಶಕದ ಅಡಿಯಲ್ಲಿ ಕಾಣುವ ವಸ್ತುವೊಂದು ದೇವದೂತನ ಕೈ ಸೇರಿದ್ದು ಹೊಸ ಸಂಗತಿಯೇ ಸರಿ.

ಬಾಗಿಲನ್ನು ದಾಟಿ ಒಳಗೆ ಕಾಲಿಟ್ಟರೆ ನೋಟ ಬದಲಾಗುತ್ತದೆ. ಹೊರಗಿನ ಕಲ್ಲಿನ ಗಾಂಭೀರ್ಯದ ಹಿಂದೆ ಇಷ್ಟು ಬೆಳಕು ಇದ್ದೀತೆಂದು ಯಾರೂ ಊಹಿಸಲಾರರು. ನಮ್ಮ ಕಡೆಯ ತೊಟ್ಟಿಯ ಮನೆಗಳಂತೆ ನಡುವೆ ವಿಶಾಲವಾದ ಚೌಕದ ಅಂಗಳ, ಸುತ್ತಲೂ ಎರಡು ಅಂತಸ್ತುಗಳಲ್ಲಿ ಕೈಸಾಲೆಗಳು. ಆದರೆ ಈ ಅಂಗಳ ಬಯಲಲ್ಲ. ಅದರ ಮೇಲೆ ಗಾಜಿನ ಮಾಡಿದೆ. ಸಾಲುಸಾಲಾಗಿ ನಿಂತ ಕಬ್ಬಿಣದ ಕಂಬಗಳು ಮರಗಳಂತೆ ಮೇಲಕ್ಕೇರಿ, ಕೊಂಬೆಗಳಂತೆ ಕವಲೊಡೆದು, ಚೂಪು ಕಮಾನುಗಳಾಗಿ ಕೂಡಿ ಆ ಗಾಜನ್ನು ಹೊತ್ತಿವೆ. ಕವಲುಗಳ ನಡುವೆ ಕಬ್ಬಿಣವನ್ನೇ ಬಡಿದು ಬಾಗಿಸಿ ಮಾಡಿದ ಎಲೆಗಳಿವೆ. ಅಂದಿನ ರೈಲ್ವೆ ನಿಲ್ದಾಣಗಳಲ್ಲಿ ಕಬ್ಬಿಣ ಮತ್ತು ಗಾಜು ಬಳಕೆಗೆ ಬಂದಿದ್ದವು. ಅವನ್ನು ಗಾಥಿಕ್ ಶೈಲಿಗೆ ಒಗ್ಗಿಸಿದ ಸಾಹಸ ಇಲ್ಲಿಯದು.

ಆ ಸಾಹಸ ಮೊದಲ ಸಲ ಫಲಿಸಲಿಲ್ಲ. ಕಬ್ಬಿಣದ ಕೆಲಸವನ್ನು ವಹಿಸಿಕೊಂಡವನು ಸ್ಕಿಡ್‌ಮೋರ್ ಎಂಬ ಕುಶಲಿ. ಅವನು ಮೊದಲು ಮೆದುಕಬ್ಬಿಣವನ್ನು ಬಳಸಿದ. ಬಡಿದು ಹದಗೊಳಿಸಿದ ಈ ಕಬ್ಬಿಣವನ್ನು ಬೇಕಾದಂತೆ ಬಾಗಿಸಬಹುದು, ಹೂ ಎಲೆಗಳನ್ನಾಗಿ ತಿದ್ದಬಹುದು. ಆದರೆ ಅವನು ರೂಪಿಸಿದ ತೆಳುಕಂಬಗಳು ಗಾಜಿನ ಮಾಡಿನ ಭಾರಕ್ಕೆ ಸಾಲದಾದವು. ಎಲ್ಲವನ್ನೂ ಇಳಿಸಿ, ಹೆಚ್ಚಿನ ಹಣ ಸುರಿದು, ಎರಕದ ಕಬ್ಬಿಣದ ಕಂಬಗಳನ್ನು ನಿಲ್ಲಿಸಬೇಕಾಯಿತು. ಕಬ್ಬಿಣವನ್ನು ಕರಗಿಸಿ ಅಚ್ಚಿನಲ್ಲಿ ಹೊಯ್ದು ಮಾಡಿದ ಎರಕ ಪೆಡಸು. ಎಳೆದರೆ ಅಥವಾ ಬಾಗಿಸಿದರೆ ಬಿರುಕು ಬಿಡುತ್ತದೆ. ಆದರೆ ನೆಟ್ಟಗೆ ನಿಂತು ಮೇಲಿನ ಭಾರವನ್ನು ತಡೆಯುವುದರಲ್ಲಿ ಅದು ಗಟ್ಟಿಗ. ಹೀಗಾಗಿ ಇಂದು ಕಂಬಗಳಲ್ಲಿ ಎರಕ, ಎಲೆಗಳಲ್ಲಿ ಮೆದುಕಬ್ಬಿಣ. ಮೊದಲಿನಿಂದಲೂ ಕಬ್ಬಿಣವನ್ನು ಅಷ್ಟಾಗಿ ಮೆಚ್ಚದ ರಸ್ಕಿನ್ನನಿಗೆ ಈ ಭಾಗ ತೃಪ್ತಿ ತರಲಿಲ್ಲ. ಅಲ್ಲಿ ನಿಂತು ತಲೆಯೆತ್ತಿ ನೋಡುವವರಿಗೆ ಮಾತ್ರ ಕಾಡಿನೊಳಗೆ ನಿಂತ ಭಾವ ಬಾರದಿರದು. ಗಾಜಿನ ಮಾಡು ಮಳೆಗೆ ಸೋರುವ ಚಾಳಿಯನ್ನೂ ಬಹುಕಾಲ ಬಿಡಲಿಲ್ಲ. 2013ರಲ್ಲಿ ಕಟ್ಟಡವನ್ನು ಮುಚ್ಚಿ, ಎಂಟು ಸಾವಿರಕ್ಕೂ ಹೆಚ್ಚು ಗಾಜಿನ ಹೆಂಚುಗಳನ್ನು ಶುಚಿಗೊಳಿಸಿ, ಸಂದುಗಳನ್ನು ಭದ್ರಪಡಿಸಿ, 2014ರಲ್ಲಿ ಮತ್ತೆ ತೆರೆದರು.

ಕಟ್ಟಡದ ನಿಜವಾದ ಸಂಪತ್ತು ಕೈಸಾಲೆಗಳಲ್ಲಿದೆ. ಅಲ್ಲಿ 126 ಕಲ್ಲುಕಂಬಗಳಿವೆ. ಒಂದೊಂದು ಕಂಬವೂ ಒಂದೊಂದು ಬಗೆಯ ಶಿಲೆ. ಭೂವಿಜ್ಞಾನದ ಪ್ರಾಧ್ಯಾಪಕನೂ ಈ ಮಂದಿರದ ಮೊದಲ ಪಾಲಕನೂ ಆಗಿದ್ದ ಜಾನ್ ಫಿಲಿಪ್ಸ್ ಬ್ರಿಟನ್ ಮತ್ತು ಐರ್ಲೆಂಡುಗಳ ಗಣಿಗಳಿಂದ ಅವುಗಳನ್ನು ಆಯ್ದು ತರಿಸಿದ. ಸ್ಕಾಟ್ಲೆಂಡಿನ ಆಬರ್‌ಡೀನಿನ ಗ್ರಾನೈಟ್, ಕಾರ್ನ್‌ವಾಲಿನ ಸರ್ಪೆಂಟೈನ್, ಡೆವನ್ನಿನ ಸುಣ್ಣಕಲ್ಲು, ಐರ್ಲೆಂಡಿನ ಹಸಿರು ಅಮೃತಶಿಲೆ, ಹೀಗೆ ಬೂದು, ಕೆಂಪು, ಹಸಿರು, ಕಪ್ಪು ಬಣ್ಣಗಳ ಕಂಬಗಳು ನುಣುಪಾಗಿ ಹೊಳೆಯುತ್ತವೆ. ಪ್ರತಿಯೊಂದರ ಬುಡದಲ್ಲಿಯೂ ಶಿಲೆಯ ಹೆಸರನ್ನೂ ಅದು ದೊರೆತ ಸ್ಥಳವನ್ನೂ ಬರೆದಿದ್ದಾರೆ. ಬೆಂಕಿಯಿಂದ ಹುಟ್ಟಿದ ಶಿಲೆ ಯಾವುದು, ನೀರಿನಡಿಯಲ್ಲಿ ಪದರಪದರವಾಗಿ ನೆಲೆಸಿದ್ದು ಯಾವುದು ಎಂಬುದನ್ನು ವಿದ್ಯಾರ್ಥಿ ಪಾಠದ ಕೊಠಡಿಗೆ ಹೋಗುವ ದಾರಿಯಲ್ಲೇ ಕೈಯಿಂದ ಮುಟ್ಟಿ ತಿಳಿಯಬಹುದಾಗಿತ್ತು. ಮಾಡನ್ನು ಹೊರುವ ಕಂಬ ಪಾಠವನ್ನೂ ಹೇಳಲೆಂಬುದೇ ಈ ಕಟ್ಟಡದ ಹಿಂದಿನ ಕಲ್ಪನೆ.

ಕಂಬದ ಮೇಲಿನ ಬೋದಿಗೆಗಳಿಗೆ ಬಂದರೆ ಭೂವಿಜ್ಞಾನ ಮುಗಿದು ಸಸ್ಯವಿಜ್ಞಾನ ಆರಂಭವಾಗುತ್ತದೆ. ಬೇರೆ ಬೇರೆ ಸಸ್ಯಕುಟುಂಬಗಳ ಎಲೆ, ಹೂ, ಕಾಯಿಗಳು ಅಲ್ಲಿ ಕಲ್ಲಿನಲ್ಲಿ ಅರಳಿವೆ. ಇವುಗಳಲ್ಲಿ ಉತ್ತಮವಾದವನ್ನು ಕೆತ್ತಿದವರು ಐರ್ಲೆಂಡಿನ ಜೇಮ್ಸ್ ಮತ್ತು ಜಾನ್ ಓಶೇ ಎಂಬ ಸೋದರರು ಮತ್ತು ಅವರ ಸೋದರಳಿಯ ಎಡ್ವರ್ಡ್ ವೀಲನ್. ಒರಟು ಕಲ್ಲನ್ನು ಮೊದಲೇ ಕಂಬದ ಮೇಲೆ ಕೂರಿಸಿ, ಆಮೇಲೆ ಅಲ್ಲಿಯೇ ನಿಂತು ಅದನ್ನು ಕೆತ್ತುವುದು ಪದ್ಧತಿ. ವಿಶ್ವವಿದ್ಯಾನಿಲಯದ ಸಸ್ಯೋದ್ಯಾನದಿಂದ ಹಸಿ ಗಿಡಗಳನ್ನು ಬೆಳಗ್ಗೆ ತಂದುಕೊಡುತ್ತಿದ್ದರು; ಅವನ್ನು ಕಣ್ಣೆದುರು ಇಟ್ಟುಕೊಂಡು ಓಶೇ ಬಳಗ ಕೆತ್ತುತ್ತಿತ್ತು. ಆದುದರಿಂದ ಆ ಎಲೆಗಳಲ್ಲಿ ಬಾಡಿದ ಅಂಚೂ ಉಂಟು, ಸುರುಳಿಗೊಂಡ ತುದಿಯೂ ಉಂಟು. ಎಲೆಗಳ ಮರೆಯಲ್ಲಿ ಒಂದು ಕಪ್ಪೆ, ಒಂದು ಹಕ್ಕಿ, ಒಂದು ಬೆಕ್ಕು ಇಣುಕುವುದೂ ಉಂಟು. ಇವನ್ನು ಯಾವ ಪ್ರಾಧ್ಯಾಪಕನೂ ಹೇಳಿಕೊಟ್ಟದ್ದಲ್ಲ.

ಸ್ವಾತಂತ್ರ್ಯದ ಪರೀಕ್ಷೆ ನಡೆದುದೂ ಇಲ್ಲಿಯೇ. ಜೇಮ್ಸ್ ಓಶೇ ಒಂದು ಕಿಟಕಿಯ ಸುತ್ತ ಕೋತಿಗಳನ್ನು ಕೆತ್ತತೊಡಗಿದಾಗ ವಿಶ್ವವಿದ್ಯಾನಿಲಯದ ಹಿರಿಯರಿಗೆ ಅದು ಸರಿಬರಲಿಲ್ಲವೆಂದೂ, ಅವುಗಳನ್ನು ಆತ ಬೆಕ್ಕುಗಳಾಗಿ ಮಾರ್ಪಡಿಸಿದನೆಂದೂ, ಕೊನೆಗೆ ಅವನನ್ನು ಕೆಲಸದಿಂದ ತೆಗೆದರೆಂದೂ ಆಕ್ಲೆಂಡನೇ ಮುಂದೆ ಬರೆದಿದ್ದಾನೆ. ಕುಪಿತನಾದ ಓಶೇ ಬಾಗಿಲಿನ ಬಳಿಯ ಕಲ್ಲಿನಲ್ಲಿ ಗಿಳಿಗಳನ್ನೂ ಗೂಬೆಗಳನ್ನೂ ಸಾಲಾಗಿ ಕೆತ್ತಿದ. ವಿಶ್ವವಿದ್ಯಾನಿಲಯದ ಸಭೆಯ ಸದಸ್ಯರ ಅಣಕವದು ಎಂಬುದು ನೋಡಿದವರಿಗೆಲ್ಲ ಗೊತ್ತಾಯಿತು. ಅವುಗಳ ತಲೆಗಳನ್ನು ಅವನ ಕೈಯಿಂದಲೇ ಒಡೆಸಿದರು. ತಲೆಯಿಲ್ಲದ ಹಕ್ಕಿಗಳು ಇಂದಿಗೂ ಅಲ್ಲಿವೆ. ಆಕ್ಲೆಂಡ್ ಈ ಕಥೆಗೆ ಕೊಂಚ ಬಣ್ಣ ಕಟ್ಟಿರಬಹುದು. ಆದರೆ ಒಡೆದ ಕಲ್ಲು ಕಣ್ಣಿಗೆ ಕಾಣುವ ಸಾಕ್ಷಿ. ಕೆಲಸಗಾರನಿಗೆ ಸ್ವಾತಂತ್ರ್ಯವಿರಲಿ ಎಂದು ಉಪದೇಶಿಸಿದ ಕಟ್ಟಡದಲ್ಲಿಯೇ, ಅವನು ಅದನ್ನು ನಿಜವಾಗಿ ಬಳಸಿಕೊಂಡಾಗ ಸಹಿಸುವವರು ಇರಲಿಲ್ಲ. ಅಷ್ಟರಲ್ಲಿ ಹಣವೂ ಬತ್ತಿತು. ಓಶೇ ಬಳಗ ಹೊರಟುಹೋಯಿತು. ಉಳಿದ ಬೋದಿಗೆಗಳನ್ನು ಕೆತ್ತಿ ಮುಗಿಸಿದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಬೇರೆಯವರು. ಅವು ಅಚ್ಚುಕಟ್ಟಾಗಿವೆ, ಆದರೆ ಅವುಗಳಲ್ಲಿ ಕಪ್ಪೆ ಇಣುಕುವ ಉತ್ಸಾಹ ಕಾಣದು. ಮುಂಭಾಗದ ಎಷ್ಟೋ ಕಿಟಕಿಗಳ ಸುತ್ತಲಿನ ಕಲ್ಲುಗಳು ಉಳಿಯ ಏಟಿಗಾಗಿ ಕಾದು ಹಾಗೆಯೇ ಉಳಿದಿವೆ.

ಕೈಸಾಲೆಗಳ ಹಿಂದೆ ಪಾಠದ ಕೊಠಡಿಗಳೂ ಪ್ರಯೋಗಶಾಲೆಗಳೂ ಇದ್ದವು. ಭೌತವಿಜ್ಞಾನ, ಖನಿಜವಿಜ್ಞಾನ, ಪ್ರಾಣಿವಿಜ್ಞಾನ, ವೈದ್ಯ, ರೇಖಾಗಣಿತ ಎಲ್ಲವೂ ಒಂದೇ ಅಂಗಳದ ಸುತ್ತ ನೆರೆಹೊರೆಯಾದವು. ರಸಾಯನಶಾಸ್ತ್ರವನ್ನು ಮಾತ್ರ ಸ್ವಲ್ಪ ದೂರವಿಟ್ಟರು. ಅದರ ದುರ್ವಾಸನೆಗೂ ಸ್ಫೋಟಕ್ಕೂ ಎಲ್ಲರೂ ಹೆದರುತ್ತಿದ್ದರು. ಗ್ಲಾಸ್ಟನ್‌ಬರಿ ಎಂಬಲ್ಲಿ ಹಳೆಯ ಮಠಾಧಿಪತಿಯೊಬ್ಬನ ಅಡಿಗೆಮನೆ ಉಳಿದುಬಂದಿತ್ತು. ಅದರ ಎತ್ತರವಾದ ಮಾಡೂ ಹೊಗೆಗೂಡುಗಳೂ ಹೊಗೆಯನ್ನು ಸಲೀಸಾಗಿ ಮೇಲಕ್ಕೆಳೆಯುತ್ತಿದ್ದವು. ಅದೇ ಮಾದರಿಯಲ್ಲಿ ಕಟ್ಟಡದ ಪಕ್ಕದಲ್ಲಿ ಎಂಟು ಮೂಲೆಯ ರಸಾಯನಶಾಲೆಯನ್ನು ಕಟ್ಟಿದರು. ಸಂನ್ಯಾಸಿಗಳ ಸಾರು ಕುದಿಸಿದ ಮಾಡು ಆಮ್ಲದ ಹೊಗೆಗೂ ಒದಗಿಬಂದಿತು.

ಕಟ್ಟಡದ ಕೆಲಸ ಇನ್ನೂ ಪೂರ್ತಿಯಾಗದಿದ್ದಾಗಲೇ, 1860ರ ಜೂನ್ 30ರಂದು, ಅದರ ಮಹಡಿಯ ಗ್ರಂಥಾಲಯದ ದೊಡ್ಡ ಕೊಠಡಿಯಲ್ಲಿ ಒಂದು ಪ್ರಸಿದ್ಧ ವಾಗ್ವಾದ ನಡೆಯಿತು. ಡಾರ್ವಿನ್ನನ ವಿಕಾಸವಾದದ ಗ್ರಂಥ ಪ್ರಕಟವಾಗಿ ಏಳು ತಿಂಗಳಾಗಿತ್ತು. ಅಸ್ವಸ್ಥನಾಗಿದ್ದ ಡಾರ್ವಿನ್ ಅಲ್ಲಿಗೆ ಬಂದಿರಲಿಲ್ಲ. ಆಕ್ಸ್‌ಫರ್ಡಿನ ಬಿಷಪ್ ವಿಲ್ಬರ್‌ಫೋರ್ಸ್ ಆ ವಾದವನ್ನು ಖಂಡಿಸಿದ. ಪ್ರಾಣಿವಿಜ್ಞಾನಿ ಹಕ್ಸ್‌ಲಿ ಮತ್ತು ಸಸ್ಯವಿಜ್ಞಾನಿ ಹೂಕರ್ ಅದನ್ನು ಸಮರ್ಥಿಸಿದರು. ಕೋತಿ ಅಜ್ಜನ ಕಡೆಯದೋ ಅಜ್ಜಿಯ ಕಡೆಯದೋ ಎಂದು ಬಿಷಪ್ ಚುಚ್ಚಿದನಂತೆ. ಕೋತಿ ಪೂರ್ವಜನಾಗಿದ್ದರೆ ನಾಚಿಕೆಯಿಲ್ಲ, ಪ್ರತಿಭೆಯನ್ನು ಸತ್ಯವನ್ನು ಮರೆಮಾಚಲು ಬಳಸುವವನ ಸಂಬಂಧಕ್ಕೆ ನಾಚಬೇಕು ಎಂಬರ್ಥದ ಉತ್ತರ ಹಕ್ಸ್‌ಲಿಯದಂತೆ. ಆಡಿದ ಮಾತುಗಳನ್ನು ಅಕ್ಷರಶಃ ಬರೆದಿಟ್ಟವರಿಲ್ಲ. ಬೈಬಲ್ಲಿನ ಹಣದಿಂದ ಕಟ್ಟಿದ ಗೋಡೆಗಳ ನಡುವೆ ಈ ಮಾತು ನಡೆಯಿತೆಂಬುದಂತೂ ನಿಜ.

ಇದೇ ಕಟ್ಟಡದ ಅರೆ ನೆಲಮಾಳಿಗೆಯ ಕೊಠಡಿಯೊಂದರಲ್ಲಿ 1930ರ ದಶಕದಿಂದ ಡೊರೊತಿ ಹಾಜ್‌ಕಿನ್ ಎಂಬ ವಿಜ್ಞಾನಿ ಕೆಲಸ ಮಾಡುತ್ತಿದ್ದರು. ಹರಳುಗಳ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ, ಅವು ಚದುರುವ ಬಗೆಯಿಂದ ಅಣುವಿನ ರಚನೆಯನ್ನು ಕಂಡುಹಿಡಿಯುವುದು ಅವರ ವಿದ್ಯೆ. ಕೊಠಡಿಗೆ ಇದ್ದುದು ತೀರ ಎತ್ತರದಲ್ಲಿ ಒಂದೇ ಗಾಥಿಕ್ ಕಿಟಕಿ. ಬೆಳಕು ಅಲ್ಲಿಯೇ ಇದ್ದುದರಿಂದ ಸೂಕ್ಷ್ಮದರ್ಶಕವನ್ನು ಕಿಟಕಿಯ ಕೆಳಗಿನ ಅಟ್ಟದಲ್ಲಿ ಇಡಬೇಕಾಗಿತ್ತು. ಸಂಧಿವಾತದಿಂದ ಕೈಬೆರಳುಗಳು ಸೊಟ್ಟಗಾಗಿದ್ದ ಆಕೆ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳನ್ನು ಒಂದು ಕೈಯಲ್ಲಿ ಹಿಡಿದು ಏಣಿ ಇಳಿದು ಬರಬೇಕು! ಪೆನಿಸಿಲಿನ್ನಿನ ಅಣುರಚನೆಯನ್ನು ಅವರು 1945ರಲ್ಲಿ ಬಿಡಿಸಿದುದು ಈ ಅನಾನುಕೂಲಗಳ ನಡುವೆ. 1964ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಮುಂದೆ ಅವರ ಕೆಲಸ ಬೇರೆ ಕಟ್ಟಡಕ್ಕೆ ಹೋದ ಮೇಲೆ, ಇನ್ಸುಲಿನ್ನಿನ ರಚನೆಯನ್ನು ಬಿಡಿಸಿದ 1969ರ ತಂಡದಲ್ಲಿ ಎಂ. ವಿಜಯನ್ ಇದ್ದರು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಆ ವಿದ್ಯೆಯನ್ನು ಇಲ್ಲಿ ಬೆಳೆಸಿದರು.

ವಿಜ್ಞಾನಗಳು ಬೆಳೆದಂತೆ ಈ ಮನೆ ಅವುಗಳಿಗೆ ಇಕ್ಕಟ್ಟಾಯಿತು. ಒಂದೊಂದಾಗಿ ಅವು ಹೊರಟು ಸುತ್ತಮುತ್ತ ಬೇರೆ ಕಟ್ಟಡಗಳನ್ನು ಹೂಡಿದವು. ಇಂದು ಅಂಗಳ ಪ್ರಕೃತಿ ಇತಿಹಾಸದ ಸಂಗ್ರಹಾಲಯವಾಗಿದೆ. ಅಳಿದುಹೋದ ಡೋಡೋ ಪಕ್ಷಿಯ ತಲೆ ಮತ್ತು ಕಾಲಿನ ಅವಶೇಷಗಳು ಅದರ ಸಂಗ್ರಹದಲ್ಲಿವೆ. ಆ ಪಕ್ಷಿಯ ಚರ್ಮದ ಅಂಶ ಉಳಿದಿರುವುದು ಲೋಕದಲ್ಲಿ ಅಲ್ಲೊಂದೇ ಕಡೆ. ಅಸ್ಥಿಪಂಜರಗಳ ನಡುವೆ ಅರಿಸ್ಟಾಟಲ್, ಗೆಲಿಲಿಯೋ, ನ್ಯೂಟನ್, ಡಾರ್ವಿನ್ ಮೊದಲಾದವರು ಕಲ್ಲಾಗಿ ನಿಂತು ಶಾಲೆಯ ಮಕ್ಕಳ ಗದ್ದಲವನ್ನು ಕೇಳುತ್ತಿದ್ದಾರೆ.

ಸಂಶೋಧನೆ ಮಾತ್ರ ಪೂರ್ತಿಯಾಗಿ ಹೊರಟುಹೋಗಿಲ್ಲ. ಗಾಳಿಯಾಡಲೆಂದು ಗೋಪುರದಲ್ಲಿ ಬಿಟ್ಟಿದ್ದ ಕಿಂಡಿಗಳಲ್ಲಿ ಸ್ವಿಫ್ಟ್ ಎಂಬ ಹಕ್ಕಿಗಳು ಗೂಡು ಮಾಡುತ್ತವೆ. ಚಳಿಗಾಲವನ್ನು ಆಫ್ರಿಕದಲ್ಲಿ ಕಳೆದು ಮೇ ತಿಂಗಳ ವೇಳೆಗೆ ಅವು ಇಲ್ಲಿಗೆ ಬರುತ್ತವೆ. 1948ರಲ್ಲಿ ಡೇವಿಡ್ ಲ್ಯಾಕ್ ಎಂಬ ಪಕ್ಷಿವಿಜ್ಞಾನಿ ಅವುಗಳ ಅಧ್ಯಯನವನ್ನು ಆರಂಭಿಸಿದ. ಗೂಡಿನ ಪೆಟ್ಟಿಗೆಗಳನ್ನು ಗೋಡೆಯ ಒಳಮೈಗೆ ಹೊಂದಿಸಿ, ಏಣಿ ಹತ್ತಿ, ಮೊಟ್ಟೆಗಳನ್ನೂ ಮರಿಗಳನ್ನೂ ಎಣಿಸುವ ಆ ಕೆಲಸವನ್ನು ಅವನ ನಂತರದವರೂ ಮುಂದುವರಿಸಿಕೊಂಡು ಬಂದಿದ್ದಾರೆ.